ಅಣ್ಣನ ಕಣ್ಣಿನ ಬಿಳಿ

ಕಳೆದ ತಿಂಗಳು ಒಂದು ಮಧ್ಯಾಹ್ನ ನಮ್ಮ ವೈನಿ, ಅಂದರೆ ಅತ್ತಿಗೆ, ಅಣ್ಣನ ಬಲಗೈ ಹಿಡಿದು ಚೀರಿದರು. ಊಟ ಮುಗಿಸಿ ಕೈ ತೊಳೆದು ಬಂದಿದ್ದ ಅವನ ಐದೂ ಉಗುರು ಹಳದಿಯಾಗಿದ್ದವು.

ಅರ್ಧ ಗಂಟೆಯೊಳಗೆ ಮನೆಯವರೆಲ್ಲ ಟಾಂಗಾ ಹತ್ತಿದ್ದೆವು. ಇಂಡಿ ರೋಡ್ ಸ್ಟೇಶನ್ನಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ. ರಜೆಗೆಂದು ವಿಜಾಪುರದಿಂದ ಬಂದಿದ್ದ ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ವೈನಿ ಸೆರಗು ಬಾಯಿಗಿಟ್ಟುಕೊಂಡು ಆ ಕೈಯನ್ನೇ ನೋಡುತ್ತ ಕುಳಿತಿದ್ದರು.

ಸೊಲ್ಲಾಪುರದ ಡಾಕ್ಟರು ಕಣ್ಣು ನೋಡಿದರು. ಬಲಗೈ ನೋಡಿದರು. ಆಮೇಲೆ, ನಮಗೆ ಯಾರಿಗೂ ಹೊಳೆಯದ ಒಂದು ಕೆಲಸ ಮಾಡಿದರು. ಎಡಗೈ ನೋಡಿದರು. ಅದರ ಉಗುರುಗಳು ಬೆಳ್ಳಗಿದ್ದವು! ಹತ್ತಿಗೆ ಸ್ಪಿರಿಟ್ ಹಾಕಿ ಬಲಗೈ ಹೆಬ್ಬೆರಳನ್ನು ತಿಕ್ಕಿದರು. ಹತ್ತಿ ಹಳದಿಯಾಯಿತು.

"ಮಧ್ಯಾಹ್ನ ಏನ ಊಟಾ ಮಾಡೀರಿ ವಕೀಲ ಸಾಹೇಬ್ರ?"

"ರೊಟ್ಟಿ, ಕಡ್ಲಿಹಿಟ್ಟಿನ ಝುಣಕ."

"ಝುಣಕಕ್ಕ ಅರಿಷಿಣ ಜಾಸ್ತಿ ಬಿದ್ದೈತ್ರಿ. ಮನೀಗೆ ಹೋಗ್ರಿ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ವೈನಿ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತರು.

ಇಷ್ಟಕ್ಕೇ ಇಷ್ಟೊಂದು ಗಾಬರಿಯೇ ಎಂದು ನೀವು ಕೇಳಬಹುದು. ಕೇಳಿ. ಅಣ್ಣನಿಗೆ ಒಂದು ವರ್ಷದ ಹಿಂದೆ ಮುಂಬಯಿಯಲ್ಲಿ ದೊಡ್ಡ ಆಪರೇಶನ್ ಆಗಿದೆ. ಜಠರದ ಹಿಂದೆ ಅಡಗಿ ಕುಳಿತಿರುವ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ. ಶುರುವಾದದ್ದು ಕಣ್ಣು ಹಳದಿಯಾಗುವುದರಿಂದ. ನಾವು ಕಾಮಣಿ, ಬರೀ ಕಾಮಾಲೆ, ಎಂದುಕೊಂಡೆವು. ಎಲೆಯ ಔಷಧಿ ಕುಡಿಸಿ, ಉಪ್ಪು ಬಿಡಿಸಿ, ಬಹಳ ದಿನ ಕಳೆದೆವು. ಮುಂಬಯಿ ಮುಟ್ಟುವಷ್ಟರಲ್ಲಿ ತಡವಾಗಿತ್ತೇ? ಇಲ್ಲ ಎಂದರು ಅಲ್ಲಿಯ ಡಾಕ್ಟರು. "ಗಡ್ಡೆ ತೆಗೆದಿದ್ದೇವೆ. ಮತ್ತೆ ಬರಬಹುದು, ಬರದೆಯೂ ಇರಬಹುದು." ಆ ಗ್ರಂಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಹಾಗಾಗಿ ಯಾವ ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ನಾಲ್ಕೈದು ಹೇಳಿ ಕಳಿಸಿದರು. ರೈಲು ಇಳಿಯುವಷ್ಟರಲ್ಲಿ ನಮ್ಮ ತಲೆಯಲ್ಲಿ ಉಳಿದದ್ದು ಒಂದೇ. ಹಳದಿ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಿತ್ತು. ದಿನಾ ಮುಂಜಾನೆ ಅಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಬೇಕು. ವೈನಿ ಬಂದು ಕೆಳಗಿನ ರೆಪ್ಪೆ ಎಳೆದು ಕಣ್ಣಿನ ಬಿಳಿ ನೋಡಬೇಕು. ನೋಡಿ, ಏನೂ ಹೇಳದೆ ಒಳಗೆ ಹೋಗಿ ಚಹಾ ಇಡಬೇಕು. ಚಹಾ ಬಂತೆಂದರೆ ಆ ದಿನ ಪಾಸು. ಆಮೇಲೆ ಮಗಳು ಶಕುಂತಲಾ ನೋಡುತ್ತಾಳೆ. ನಾನು ಊರಿಗೆ ಹೋದರೆ ನಾನು ನೋಡುತ್ತೇನೆ. ಓಣಿಯವರು ಹಾದಿಯಲ್ಲಿ ನಿಲ್ಲಿಸಿ ನೋಡುತ್ತಾರೆ.

"ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರೂ ಈಗ ನನ್ನ ಕಣ್ಣಾಗ ಕಣ್ಣಿಟ್ಟ ಮಾತಾಡ್ತಾರ ತಮ್ಮಾ," ಎಂದ ಅಣ್ಣ ಒಮ್ಮೆ. "ಇಷ್ಟ ಮರ್ಯಾದಿ ನನಗ ಎಂದೂ ಸಿಕ್ಕಿದ್ದಿಲ್ಲ."

(ನಾನು ನಕ್ಕೆ ಎಂದು ನೆನಪು. ನಗುವ ಮಾತು ಹೌದೋ ಅಲ್ಲವೋ ಎಂದು ಆಗ ಯೋಚಿಸಿದ್ದೆನೇ? ಹಾಗೆ ಹೇಳಿಕೊಳ್ಳಲು ಈಗ ಮನಸ್ಸಾಗುತ್ತದೆ. ಆದರೆ ನನ್ನ ನೆನಪಿಗೆ ನನ್ನನ್ನು ಒಳ್ಳೆಯವನನ್ನಾಗಿ ಮಾಡುವ ಚಟವಿದೆ.)

ಉಗುರಿನ ಪ್ರಕರಣದ ಮರುದಿನವೇ ವೈನಿ ಅಡಿಗೆಮನೆಯಿಂದ ಅರಿಷಿಣವನ್ನು ಗಡೀಪಾರು ಮಾಡಿದರು. ಇನ್ನು ಮೇಲೆ ಈ ಮನೆಯಲ್ಲಿ ಹಳದಿ ಕಂಡರೆ ಅದು ಒಂದೇ ಹಳದಿಯಾಗಿರಬೇಕು, ಗೊಂದಲ ಬೇಡ. ತರ್ಕ ಸರಿಯಾಗಿಯೇ ಇತ್ತು. ಬೇಳೆ ಬೆಳ್ಳಗಾಯಿತು. ಝುಣಕ ಮಾಸಲು ಬಣ್ಣಕ್ಕೆ ತಿರುಗಿತು. ಬಾಯಿಗೆ ಇಡಲಾಗದಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ.

ಬಿಚ್ಚಿದವರು ಚಡಚಣದ ಅತ್ತಿ. ಅಪ್ಪನ ತಂಗಿ. ಶಕುಂತಲಾಳ ಮದುವೆ ಮುದ್ದೇಬಿಹಾಳದ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಹಾಡು ಹೇಳಲು, ಶಾಸ್ತ್ರ ಮಾಡಿಸಲು ಅತ್ತಿ ಒಂದು ವಾರ ಮುಂಚೆಯೇ ಬಂದಿಳಿದರು. ಅಣ್ಣನಿಗೆ ಹೊಟ್ಟೆಯ ಆಪರೇಶನ್ ಆಗಿದೆ ಎಂಬುದಷ್ಟೇ ಅವರಿಗೆ ಗೊತ್ತು. ಮೊದಲ ತುತ್ತಿಗೇ ತಾಟು ಸರಿಸಿದರು.

"ಮನ್ಯಾಗ ಮದುವಿ ಇಟಗೊಂಡ ಬ್ಯಾಳಿಗೆ ಅರಿಷಿಣ ಇಲ್ಲಂದ್ರ ಹೆಂಗವಾ?"

"ಇವರಿಗೆ ಡಾಕ್ಟರ್ ಬ್ಯಾಡ ಅಂದಾರ್ರಿ ಅತ್ತಿ," ಎಂದರು ವೈನಿ. ಯಾವ ಡಾಕ್ಟರೂ ಅಂದಿರಲಿಲ್ಲ.

"ಅರಿಷಿಣ ಬ್ಯಾಡ ಅನ್ನೂ ಡಾಕ್ಟರ್ ಯಾವೂರಾಂವ? ಅವನ ತಾಯಿ ಅವಗ ಎಂದೂ ಅರಿಷಿಣ ಹಚ್ಚಿ ಎರದಿಲ್ಲೇನ?"

ಮದುವೆಯ ಹಿಂದಿನ ದಿನ ಬಂತು. ನಮ್ಮ ಕಡೆ ಅರಿಷಿಣ ಹಚ್ಚುವುದೆಂದರೆ ಮದುಮಗಳ ಗಲ್ಲಕ್ಕೆ ಬೆರಳು ತಾಗಿಸಿ ಬಿಡುವುದಲ್ಲ. ನಾಲ್ಕು ಮೂಲೆಗೆ ಚೊಂಬು ಇಟ್ಟು, ಸುತ್ತ ನೂಲು ಸುತ್ತಿ, ಒಳಗೆ ಮದುಮಗಳ ಜೊತೆ ತಂದೆ ತಾಯಿಯನ್ನೂ ಕೂಡಿಸಿ, ಮುಖ, ಕೈ, ಕಾಲಿಗೆ ಬಳಿದು ನೀರು ಹಾಕುತ್ತಾರೆ. ಬಣ್ಣ ಎರಡು ಮೂರು ದಿನ ಬಿಡುವುದಿಲ್ಲ.

"ಶಂಕ್ರ್ಯಾ, ಬಾ, ಕುಂಡ್ರ ಮಗಳ ಬಾಜೂಕ," ಎಂದು ಅತ್ತಿ ಅಣ್ಣನನ್ನು ಕರೆದರು.

"ಅವರಿಗೆ ಬ್ಯಾಡ್ರಿ." ವೈನಿ ಅರಿಷಿಣದ ಬಟ್ಟಲಿಗೆ ಕೈ ಅಡ್ಡ ಹಿಡಿದರು. "ಅವರಿಗೆ ಹಚ್ಚಬ್ಯಾಡ್ರಿ."

ಹಾಡು ನಿಂತಿತು. ಬೀಗರ ಕಡೆಯಿಂದ ಬಂದಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮುತ್ತೈದಿ ಬಾಯಾಗ ಬರೂ ಮಾತೇನವಾ ಇದು?" ಅತ್ತಿ ನಿಜಕ್ಕೂ ಹೆದರಿದ್ದರು.

ನಾನೇನು ಮಾಡಬೇಕಿತ್ತು? ಎಂ.ಎ. ಓದಿದವನು, ಎರಡೂ ಕಡೆಯ ನ್ಯಾಯ ತಿಳಿಯುತ್ತಿತ್ತು. ತಿಳಿದವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ. ಸುಮ್ಮನೆ ನಿಂತೆ.

ಅಣ್ಣ ಅಂಗಿ ತೆಗೆದು ನೂಲಿನೊಳಗೆ ಬಂದು ಕುಳಿತ. ಹೊಟ್ಟೆಯ ಅಡ್ಡಕ್ಕೆ ಹೊಲಿಗೆಯ ಗುರುತು ಎಲ್ಲರಿಗೂ ಕಂಡಿತು.

"ಹಚ್ಚ್ರಿ. ಚಂದಂಗಿ ಹಚ್ಚ್ರಿ. ಕಣ್ಣರೆಪ್ಪಿ ಸುದ್ದಾ ಬಿಡಬ್ಯಾಡ್ರಿ."

"ನಾಳಿ ಮುಂಜಾನಿ ನಾ ಏನ ನೋಡ್ಲಿ?" ವೈನಿ ಅವನಿಗಷ್ಟೇ ಕೇಳುವಂತೆ ಹೇಳಿದರು. ಹತ್ತಿರವಿದ್ದುದರಿಂದ ನನಗೂ ಕೇಳಿತು.

"ಮಗಳನ ನೋಡ. ಆಕಿ ನಾಡಿದ್ದ ಗಂಡನ ಮನೀಗೆ ಹೊಕ್ಕಾಳ." ಕಣ್ಣು ಮುಚ್ಚಿಕೊಂಡು, "ಒಂದ್ಮೂರ ದಿನ ನನಗ ಬಿಡುವ ಕೊಡ್ರಿ. ಕೊಲೀ ಆರೋಪಿಗೂ ಕೋರ್ಟಿಗೆ ಸೂಟಿ ಇದ್ದಾಗ ಬಿಡುವ ಇರತೈತಿ."

ವೈನಿ ಬಟ್ಟಲಿಗೆ ಕೈ ಹಾಕಿ ಮೊದಲು ತಾವೇ ಹಚ್ಚಿದರು. ಹಣೆಗೆ, ಗಲ್ಲಕ್ಕೆ, ಆಮೇಲೆ ಮುಚ್ಚಿದ ಎರಡೂ ಕಣ್ಣುಗಳ ಮೇಲೆ. ಅತ್ತಿ ಹಾಡು ಎತ್ತಿಕೊಂಡರು.

ಮದುವೆ ಆಯಿತು. ಮೂರು ದಿನ ಅಣ್ಣ ಹಳದಿ ಮುಖ ಹೊತ್ತು ಬಡಿಸಿದ, ಬೀಗರನ್ನು ಚೇಷ್ಟೆ ಮಾಡಿದ, ಶಕುಂತಲಾಳನ್ನು ಕಳಿಸುವಾಗ ಎಲ್ಲರೆದುರು ಅತ್ತ. ಯಾರೂ ಅವನ ರೆಪ್ಪೆ ಎಳೆಯಲಿಲ್ಲ. ಎಳೆದರೂ ಅಷ್ಟು ಹಳದಿಯ ನಡುವೆ ಏನು ತಿಳಿಯುತ್ತಿತ್ತು?

ನಾಲ್ಕನೆಯ ಮುಂಜಾನೆ ಬಣ್ಣ ಬಿಟ್ಟಿತ್ತು. ಅಣ್ಣ ತಾನಾಗಿಯೇ ಕಟ್ಟೆಗೆ ಬಂದು ಬಿಸಿಲಿಗೆ ಮುಖ ಮಾಡಿದ. "ಬಾ, ನೋಡ. ಇವತ್ತ ನನ್ನ ಕೇಸಿನ ತಾರೀಖ ಐತಿ," ಎಂದು ವೈನಿಯನ್ನು ಕರೆದ.

ವೈನಿ ಬಂದರು. ಆದರೆ ಕೈ ಮುಂದೆ ಚಾಚಲಿಲ್ಲ. ಮೂರು ದಿನದಲ್ಲಿ ರೂಢಿ ತಪ್ಪಿತ್ತೋ, ಮಗಳಿಲ್ಲದ ಮನೆಯಲ್ಲಿ ಮನಸ್ಸು ಬೇರೆಯಾಗಿತ್ತೋ, ನನಗೆ ತಿಳಿಯದು. ಅವನ ಪಕ್ಕದಲ್ಲಿ ಕುಳಿತುಬಿಟ್ಟರು.

"ನಿಮಗ ಹೆಂಗ ಅನಸ್ತೈತ್ರಿ?" ಎಂದರು.

ಅಣ್ಣ ಬಿಸಿಲು ಬಿಟ್ಟು ಅವರ ಕಡೆ ತಿರುಗಿದ.

"ಬೆನ್ನ ನೋಯತೈತಿ," ಎಂದ. "ಹೊಟ್ಟಿ ಹಿಂದ, ಒಳಗ. ಮಕ್ಕೊಂಡ್ರ ಜಾಸ್ತಿ."

"ಯಾವಾಗಿಂದ?"

"ಮದುವಿಗಿಂತ ಮೊದಲ."

ಮುಂಬಯಿಯವರು ಹೇಳಿದ್ದ ನಾಲ್ಕೈದರಲ್ಲಿ ಅದೂ ಇತ್ತು. ಈಗ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದ ನನ್ನ ಬಾಯಿಂದ ಬಂದದ್ದು ಸಿಟ್ಟು. "ಅಣ್ಣಾ, ದಿನಾ ಮುಂಜಾನಿ ಇಲ್ಲೇ ಕುಂಡ್ರತಿದ್ದಿ. ಎಲ್ಲಾರೂ ನಿನ್ನ ಮುಂದ ನಿಂದರ್ತಿದ್ವಿ. ಒಂದ ಮಾತ ಹೇಳಾಕ ಏನಾಗಿತ್ತು?"

"ನೀವು ಕಣ್ಣ ನೋಡಿದ್ರಿ, ನಾ ಕಣ್ಣ ತೋರಿಸಿದೆ," ಎಂದ ಅಣ್ಣ. "ಕೇಳದ್ದಕ್ಕ ಉತ್ತರಾ ಕೊಡಬ್ಯಾಡ ಅಂತ ಸಾಕ್ಷಿಗೋಳಿಗೆ ಹೇಳಿಕೊಡಾಂವ ನಾನ."

ಆರಾಮ ಅದೀರಿ? ಎಂದು ಓಣಿಯೆಲ್ಲ ಕೇಳುತ್ತಿತ್ತು, ನಿಜ. ಅದು ನಮ್ಮಲ್ಲಿ ನಮಸ್ಕಾರದ ಹಾಗೆ. ಅದಕ್ಕೆ ಉತ್ತರ ಮೊದಲೇ ಗೊತ್ತಿರುತ್ತದೆ.

ಅರಿಷಿಣದ ದಿನ ಅವನು ನಡುನಡುವೆ ಹಿಂದಿನ ಕಂಬಕ್ಕೆ ಒರಗಿದ್ದು ಈಗ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಒರಗಿದ್ದನೇ? ಅಲ್ಲಿ ಕಂಬವಿತ್ತೇ? ಬೆನ್ನಿನ ಮಾತು ಕೇಳಿದ ಮೇಲೆ ನನ್ನ ನೆನಪೇ ಒಂದು ಕಂಬ ತಂದು ನಿಲ್ಲಿಸಿರಬಹುದು. ವೈನಿಗೂ ಏನೇನೋ ನೆನಪಾಗುತ್ತಿವೆ. ಯಾವುದನ್ನೂ ನಂಬುವ ಧೈರ್ಯ ನನಗಿಲ್ಲ.

ಅಂದೇ ಪೋಸ್ಟಾಫೀಸಿಗೆ ಹೋಗಿ ಸೊಲ್ಲಾಪುರದ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿದೆ. ಸೋಮವಾರ ಕರೆದುಕೊಂಡು ಬನ್ನಿ ಎಂದಿದ್ದಾರೆ. ಮದುವೆಯ ದಣಿವಿಗೂ ಬೆನ್ನು ನೋಯಬಹುದಂತೆ. ಅದೇ ಮತ್ತೆ ಬಂದಿರಲೂಬಹುದಂತೆ. ಇದನ್ನು ನೀವು ಓದುವ ಹೊತ್ತಿಗೆ ಯಾವುದೆಂದು ನಮಗೆ ತಿಳಿದಿರಬಹುದು. ಕಣ್ಣಿನ ಬಿಳಿಯಂತೂ ಇನ್ನೂ ಬೆಳ್ಳಗೇ ಇದೆ.

ಒಂದು ವರ್ಷ ಒಬ್ಬ ಮನುಷ್ಯನ ಕಣ್ಣಲ್ಲಿ ಕಣ್ಣಿಟ್ಟು ಕುಳಿತ ಮನೆ ನಮ್ಮದು. ಹೇಗಿದ್ದೀ ಎಂದು ಅವನನ್ನು ಕೇಳಬೇಕಾದರೆ ಮೊದಲು ಆ ಕಣ್ಣನ್ನು ಅರಿಷಿಣ ಬಳಿದು ಮುಚ್ಚಿಸಬೇಕಾಯಿತೇ?