ನರಿಯ ಮೈಗೆ ಸವರಿದ ಆಯಿಲ್

ಅಂದು ಮಾಡಿದ ಕೆಲಸಗಳು ಇವು: ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು ತುಂಬಿಸಿದೆ. ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಗಂಡ ಪ್ಲಾಂಟಿನ ಕೆಲಸಕ್ಕೆ ಹಾಕಿಕೊಳ್ಳುವ ಅಂಗಿಯ ಕಾಲರು ಬ್ರಷ್ಷಿನಲ್ಲಿ ತಿಕ್ಕಿದೆ. ಹೊಸಪೇಟೆಯಲ್ಲಿ ನಾನು ಕೆಲಸ ಮಾಡುವ ಪಶು ಆಸ್ಪತ್ರೆಗೆ ಹೋಗಿ ಲ್ಯಾಬಿನ ಬೀಗ ತೆಗೆದೆ, ಗಾಜಿನ ಸ್ಲೈಡುಗಳನ್ನು ತೊಳೆದು ಒಣಗಲು ಹರವಿದೆ. ಒಂದು ಎಮ್ಮೆಯ ಸಗಣಿ ಪರೀಕ್ಷೆ ಮುಗಿಸಿದೆ. ಆಮೇಲೆ ನರಿ ಬಂತು.

ಅರಣ್ಯ ಇಲಾಖೆಯ ವಾಚರ್ ಅದನ್ನು ಬೋನಿನಲ್ಲಿ ತಂದಿದ್ದ. ಜೊತೆಗೆ ಎಮ್ಮಿಗನೂರಿನ ರೈತನೊಬ್ಬನಿದ್ದ. ಅವನ ಕಬ್ಬಿನ ಗದ್ದೆಯ ಬದುವಿನಲ್ಲಿ ಅದು ಬಿದ್ದುಕೊಂಡಿತ್ತಂತೆ. ಹೆಣ್ಣು ನರಿ. ಬಾಲದಲ್ಲಿ ಒಂದು ಕೂದಲೂ ಇಲ್ಲ. ಕಣ್ಣಿನ ಸುತ್ತ ಚರ್ಮ ದಪ್ಪಗಟ್ಟಿ ಬಿರಿದಿತ್ತು. ಮೈತುಂಬ ಕರ್ರಗಿನ ಜಿಡ್ಡು.

“ಏನ್ ಹಚ್ಚೀರಿ ಇದಕ್ಕ?” ಎಂದರು ಡಾಕ್ಟರು.

“ಆಯಿಲ್ರಿ ಸರ್. ಲಾರಿದು, ಸುಟ್ಟಿದ್ದು. ನಮ್ಮ ನಾಯಿಗೆ ಕಜ್ಜಿ ಆದಾಗ ಹಚ್ಚಿದ್ದೆ, ಮಸ್ತ್ ಆರಾಮಾತು,” ಎಂದ ರೈತ.

“ಅದಕ್ಕ ನರಿನೂ ಸರ್ವೀಸ್ ಮಾಡಿಬಿಟ್ಯಾ ಮಾಮಾ? ಗ್ರೀಸ್ ಒಂದ ಬಾಕಿ ನೋಡು,” ಎಂದ ವಾಚರ್.

ರೈತ ನಕ್ಕ. ಡಾಕ್ಟರು ನಗಲಿಲ್ಲ.

ಸಂಡೂರಿನ ಗಣಿ ಲಾರಿಗಳು ಓಡಾಡುವ ನಮ್ಮ ಕಡೆ ಎಂಜಿನ್ನಿನಿಂದ ಬಸಿದು ತೆಗೆದ ಈ ಹಳೆಯ ಆಯಿಲ್ ಗ್ಯಾರೇಜುಗಳಲ್ಲಿ ಪುಗಸಟ್ಟೆ ಸಿಗುತ್ತದೆ. ಹಚ್ಚಿದರೆ ಕಜ್ಜಿಯ ಹುಳು ಉಸಿರುಗಟ್ಟಿ ಸಾಯುತ್ತದೆ ಎಂಬ ನಂಬಿಕೆ. ಆದರೆ ಪ್ರಾಣಿ ಮೈ ನೆಕ್ಕಿಕೊಳ್ಳುತ್ತದೆ, ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ.

ಕಜ್ಜಿಯ ಹುಳು ಚರ್ಮದೊಳಗೆ ಸುರಂಗ ಕೊರೆದುಕೊಂಡು ಇರುತ್ತದೆ. ಯಾವ ಹುಳುವೆಂದು ತಿಳಿಯಲು ರಕ್ತ ತುಸು ಜಿನುಗುವ ತನಕ ಬ್ಲೇಡಿನಿಂದ ಕೆರೆದು, ಬಂದ ಹುಡಿಯನ್ನು ಸ್ಲೈಡಿಗೆ ಹಾಕಿ ನೋಡಬೇಕು. ಅದು ನನ್ನ ಕೆಲಸ. ಆಯಿಲಿನ ಮೇಲೆ ಬ್ಲೇಡು ಜಾರಿತು. ಮಸಿಯಂಥ ಜಿಡ್ಡಷ್ಟೇ ಬಂತು. ಮೊದಲು ಮೈ ತೊಳೆಯಿರಿ ಎಂದರು ಡಾಕ್ಟರು. ಗ್ಲೌಸ್ ಹಾಕಿಕೊಂಡು, ಪಾತ್ರೆ ಸೋಪಿನ ನೊರೆಯಲ್ಲಿ, ಉಗುರುಬೆಚ್ಚಗಿನ ನೀರು ಬಿಟ್ಟು ತೊಳೆದೆ. ಬಾಯಿ ತೆರೆದಾಗ ನಾಲಿಗೆ, ಗಂಟಲು ಕಪ್ಪಗೆ ಕಂಡವು. ನರಿ ಕಚ್ಚಲು ಬರಲೇ ಇಲ್ಲ. ಕಾಡಿನ ಪ್ರಾಣಿ ಕಚ್ಚಲು ಬರದಿದ್ದರೆ ನನಗೆ ಹೆದರಿಕೆಯಾಗುತ್ತದೆ.

ಒರೆಸುತ್ತಿದ್ದಂತೆಯೇ ಪಕ್ಕೆ ಏರಿಳಿಯುವುದು ನಿಂತಿತು. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಿದರು, ತೆಗೆದರು, ಅರಣ್ಯ ಕಚೇರಿಗೆ ಫೋನ್ ಮಾಡಲು ಹೊರಗೆ ಹೋದರು.

ಕಿವಿಯಂಚಿಗೆ ಆಯಿಲ್ ತಾಗಿರಲಿಲ್ಲ. ಅಲ್ಲಿ ಕೆರೆದೆ. ಮೈಕ್ರೋಸ್ಕೋಪಿನಲ್ಲಿ ಹುಳುಗಳು ಕಂಡವು. ದುಂಡು ಮೈ, ಮೋಟು ಕಾಲು. ಇನ್ನೂ ಕಾಲಾಡಿಸುತ್ತಿದ್ದವು. ನರಿ ಸತ್ತ ಸುದ್ದಿ ಅವಕ್ಕೆ ಮುಟ್ಟಿರಲಿಲ್ಲ.

ರೈತ ತಾನೂ ನೋಡುತ್ತೇನೆಂದು ಬಗ್ಗಿದ. “ಇಷ್ಟು ಸಣ್ಣದೇನ್ರಿ ಅಕ್ಕಾರ? ಇದರಿಂದನ ಸತ್ತಿತಲ್ರಿ?”

ಹೌದು ಎಂದಿದ್ದರೆ ಹಗುರಾಗಿ ಊರಿಗೆ ಹೋಗುತ್ತಿದ್ದ. ಮಾತು ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವನೇ ಮುಂದುವರಿಸಿದ: “ಇದರ ಜೋಡಿ ಒಂದು ಗಂಡು ಐತ್ರಿ. ಅದರ ಬಾಲಾನೂ ಬೋಳಾಗೈತಿ. ಪಂಪ್‌ಸೆಟ್ ಹತ್ರ ಬಂದು ಮಲಗತೈತಿ. ಡಬ್ಬ್ಯಾಗ ಇನ್ನಾ ಆಯಿಲ್ ಐತಿ, ಹಚ್ಚಿ ಆ ಗಂಡು ನರಿನರ ಉಳಿಸ್ಕೋಬೇಕು.”

“ಬ್ಯಾಡ್ರಿ,” ಎಂದೆ. “ಕಜ್ಜಿ ಇತ್ತು ಖರೆ. ಅದಕ್ಕ ನಮ್ಮಲ್ಲಿ ಔಷಧಿ ಐತ್ರಿ. ಇದರ ನಾಲಿಗಿ, ಗಂಟಲು ಎಲ್ಲಾ ಆಯಿಲ್ ಇತ್ತು. ಸತ್ತಿದ್ದು ಅದರಿಂದರಿ.”

ಅವನು ಮೈಕ್ರೋಸ್ಕೋಪಿನಿಂದ ಮುಖ ಎತ್ತಲಿಲ್ಲ. “ಬೊಗಸ್ಯಾಗ ನೀರು ಹಿಡದ್ರ ಕುಡೀತಿತ್ರಿ ಅದು,” ಎಂದ.

ವಾಚರ್ ಈಗ ತಮಾಷೆ ಮಾಡಲಿಲ್ಲ. “ನಾಳೆ ಬೋನು ತರ್ತೀನಿ ಮಾಮಾ. ಗಂಡನ್ನ ನೀ ಮುಟ್ಟಬ್ಯಾಡ.”

“ನಿನ್ನ ಕಂಡ್ರ ಅದು ಓಡತೈತಲೇ. ನನ್ನ ಕಂಡ್ರ ಬರ್ತೈತಿ.”

“ಹಂಗಾರ ನೀ ಮುಂದ ನಿಂತ್ಕೋ. ಬರಿಗೈಲೆ.”

ರೈತನ ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆಗಳು ಎದ್ದಿದ್ದವು. ನರಿಯ ಕಜ್ಜಿ ಅಂಟಿರಬಹುದು, ಚರ್ಮದ ಡಾಕ್ಟರಿಗೆ ತೋರಿಸಿರಿ ಎಂದು ಹೇಳಿ ಸೋಪು ಕೊಟ್ಟೆ. ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ತೊಳೆಯುತ್ತ ನಿಂತ.

ಸಂಜೆ ಮನೆಗೆ ಬಂದು ಯಾರನ್ನೂ ಮುಟ್ಟದೆ ಸ್ನಾನ ಮಾಡಿದೆ. ಊಟಕ್ಕೆ ಅನ್ನ, ಪುಂಡಿಪಲ್ಯ, ಮೊಸರು. ಉಣ್ಣುತ್ತ ನರಿಯ ಸಂಗತಿ ಹೇಳಿದೆ. “ಆ ಗಂಡು ನರಿ ಬರತೈತೇನು ಅವನ ಹತ್ರ?” ಎಂದು ಗಂಡ ಕೇಳಿದರು. ಬಂದರೆ ಸಾಕು ಎಂದೆ. ಅತ್ತೆ ಮೊದಲು ಮಲಗಿದರು, ಆಮೇಲೆ ಗಂಡ.