ನಮ್ಮನೆಯವರು

ಬೆಡ್‌ಶೀಟ್ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ನಮ್ಮ ಹೋಟೆಲಿನ ಶೀಟುಗಳಂತೂ ಹಾಯಿಪಟದಷ್ಟು ದೊಡ್ಡವು. ಆ ಕಡೆಯ ಎರಡು ಮೂಲೆ ಒಬ್ಬರು, ಈ ಕಡೆಯ ಎರಡು ಮೂಲೆ ಇನ್ನೊಬ್ಬರು ಹಿಡಿದು, ಜಾಡಿಸಿ, ಎಳೆದು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ನೆಲಮಾಳಿಗೆಯಲ್ಲಿ ಮೆಷಿನ್‌ಗಳ ಗದ್ದಲ. ದೂರ ನಿಂತಾಗ ಏನು ಹೇಳಿದರೂ ಕೇಳಿಸುವುದಿಲ್ಲ. ಹತ್ತಿರ ಬಂದಾಗ ಒಂದು ಮಾತು, ಹಿಂದೆ ಸರಿದು ಮತ್ತೆ ಬಂದಾಗ ಇನ್ನೊಂದು. ದೊಡ್ಡಕ್ಕನ ಬದುಕನ್ನೆಲ್ಲ ನಾನು ಹೀಗೆ ತುಂಡು ತುಂಡಾಗಿಯೇ ಕೇಳಿದ್ದೇನೆ.

ದೊಡ್ಡಕ್ಕ ನನ್ನ ಒಡಹುಟ್ಟಿದವಳಲ್ಲ. ಲಾಂಡ್ರಿಗೆ ಎಲ್ಲರಿಗಿಂತ ಮೊದಲು ಸೇರಿದವಳು, ಅದಕ್ಕೆ ಆ ಹೆಸರು. ಮೈಕಟ್ಟು ನೋಡಿದರೆ ಚಿಕ್ಕಕ್ಕ ಅನ್ನಬೇಕು. ಅವಳ ಗಂಡ ಬೀಗ ರಿಪೇರಿ ಮಾಡುವವನು. ಗಿರಾಕಿಯೊಬ್ಬಳ ಮನೆಯ ಬಾಗಿಲು ತೆಗೆದುಕೊಡಲು ಹೋದವನು ಒಳಗೇ ಉಳಿದುಬಿಟ್ಟ. ಇದು ಅಕ್ಕನದೇ ಮಾತು, ನಗುತ್ತಾ ಹೇಳುತ್ತಿದ್ದಳು. ನನಗೆ ಒಂದು ದಿನವೂ ನಗು ಬರಲಿಲ್ಲ. ಅವನು ಇದೇ ಊರಲ್ಲಿ, ಎರಡು ಬಸ್ ಸ್ಟಾಪು ಆಚೆ, ಹೊಟ್ಟೆ ಬೆಳೆಸಿಕೊಂಡು ಚೆನ್ನಾಗಿಯೇ ಇದ್ದ.

ಎಷ್ಟೋ ವರ್ಷದ ಮೇಲೆ ಅವಳ ಕೋಣೆಯ ಕಿಟಕಿಯಿಂದ ಬೂದು ಬಣ್ಣದ ಗಂಡುಬೆಕ್ಕೊಂದು ಒಳಗೆ ಬಂದು, ಯಾರನ್ನೂ ಕೇಳದೆ, ಇದ್ದ ಒಂದೇ ಕುರ್ಚಿಯ ಮೇಲೆ ಮಲಗಿಕೊಂಡಿತು. ಜಾಗ ಖಾಲಿ ಇತ್ತಲ್ಲ, ಬಂದು ಕೂತರು ಅಂದಳು ಅಕ್ಕ. ಆಮೇಲೆ ಆ ಬೆಕ್ಕಿಗೆ ಬೇರೆ ಹೆಸರೇ ಇಲ್ಲ. ನಮ್ಮನೆಯವರು. ನಮ್ಮನೆಯವರು ನಿನ್ನೆ ಮನೆಗೇ ಬರಲಿಲ್ಲ, ನಮ್ಮನೆಯವರಿಗೆ ಮೀನಿಲ್ಲದೆ ಊಟ ಸೇರಲ್ಲ, ನಮ್ಮನೆಯವರು ಮೇಲಿನ ಮನೆಯ ಬಿಳಿಯವಳ ಹಿಂದೆ ಬಿದ್ದಿದ್ದಾರೆ. ನಾವು ಶೀಟು ಕೈಬಿಟ್ಟು ನಗುತ್ತಿದ್ದೆವು. ಆದರೆ ಅದು ಬರೀ ತಮಾಷೆ ಅಂದುಕೊಂಡವರು ಮೂರ್ಖರು. ಕೆಲಸ ಮುಗಿದ ಕೂಡಲೇ ಅವಳು ಮನೆಗೆ ಓಡಲು ಶುರುಮಾಡಿದ್ದು ಆ ಬೆಕ್ಕು ಬಂದ ಮೇಲೆ.

ಬೆಕ್ಕಿಗೆ ವಯಸ್ಸಾಯಿತು. ನೀರು ಕುಡಿಯುವುದು ಹೆಚ್ಚಾಯಿತು, ತಿನ್ನುವುದು ನಿಂತಿತು, ಸವರಿದರೆ ಬೆನ್ನಿನ ಮೂಳೆ ಕೈಗೆ ಸಿಗತೊಡಗಿತು. ಕಿಡ್ನಿ ಕೆಟ್ಟಿದೆ, ಚರ್ಮದ ಕೆಳಗೆ ಸೂಜಿ ಚುಚ್ಚಿ ನೀರು ಏರಿಸುತ್ತಿದ್ದರೆ ಇನ್ನಷ್ಟು ದಿನ ಎಳೆಯಬಹುದು ಎಂದರು ಪ್ರಾಣಿಗಳ ಡಾಕ್ಟರು. ಅವರ ಬಾಗಿಲು ತೆರೆಯುವುದು ಮಧ್ಯಾಹ್ನ ಮಾತ್ರ. ಅಕ್ಕ ಸೂಪರ್‌ವೈಸರ್ ಹತ್ತಿರ ಹೋಗಿ, ಬಾಯಿಗೆ ರೂಢಿಯಾಗಿದ್ದ ಹಾಗೆಯೇ, ನಮ್ಮನೆಯವರಿಗೆ ಕಿಡ್ನಿ ಹೋಗಿದೆ ಸರ್, ಮಧ್ಯಾಹ್ನ ಕರೆದುಕೊಂಡು ಹೋಗಬೇಕು ಎಂದಳು. ಅವನು ಹೊಸಬ. ನಮ್ಮ ತಮಾಷೆ ಅವನಿಗೆ ಗೊತ್ತಿಲ್ಲ. ಅವನ ಅಪ್ಪನೂ ಕಿಡ್ನಿ ಕೆಟ್ಟೇ ಸತ್ತದ್ದಂತೆ. ಕಣ್ಣಲ್ಲಿ ನೀರು ತಂದುಕೊಂಡು, ಎಷ್ಟು ದಿನ ಬೇಕಾದರೂ ಹೋಗಿಬನ್ನಿ ಅಮ್ಮ ಎಂದುಬಿಟ್ಟ.

ಅವನು ತಪ್ಪು ತಿಳಿದುಕೊಂಡ ಎಂದು ಅಕ್ಕನಿಗೆ ಬಾಗಿಲು ದಾಟುವಷ್ಟರಲ್ಲಿ ಹೊಳೆದಿತ್ತು. ಶೀಟು ಹಿಡಿದು ಹತ್ತಿರ ಬಂದಾಗ ನನ್ನ ಕಿವಿಯಲ್ಲಿ ಹೇಳಿದಳು: "ಬೆಕ್ಕು ಅಂದಿದ್ರೆ ಕೊಡ್ತಿದ್ನಾ? ನಾನೇನು ಸುಳ್ಳು ಹೇಳಿಲ್ವಲ್ಲ ಕಣೇ. ನಮ್ಮನೇಲಿರೋದು ಅವರೊಬ್ಬರೇ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯತನ ತಲೆಗೇರಿದವರು ಸುಮ್ಮನಿರುವುದಿಲ್ಲ. ಒಂದು ಭಾನುವಾರ ಸೂಪರ್‌ವೈಸರ್ ಹಣ್ಣಿನ ಚೀಲ ಹಿಡಿದು ರೋಗಿಯನ್ನು ನೋಡಲು ಅವಳ ಕೋಣೆಗೆ ಹೋದ. ಕಂಬಳಿಯೊಳಗಿಂದ ಬೂದು ತಲೆಯೊಂದು ಎದ್ದು ಅವನನ್ನು ನೋಡಿ ಮತ್ತೆ ಮಲಗಿತು. ಸೋಮವಾರದ ಹೊತ್ತಿಗೆ, ಸಾಹೇಬರು ಬೆಕ್ಕಿಗೆ ಸೇಬು ತೆಗೆದುಕೊಂಡು ಹೋದ ಕತೆ ಅಡುಗೆಮನೆ, ಲಿಫ್ಟು, ಮೇಲಿನ ಮಹಡಿ ಎಲ್ಲ ಕಡೆ ಹಬ್ಬಿತ್ತು. ಅವನು ಕಾರಿಡಾರಿನಲ್ಲಿ ಹೋಗುವಾಗ ಯಾರೋ ಮ್ಯಾಂವ್ ಎಂದರು. ಬೈಸಿಕೊಂಡವನು ಮರೆಯುತ್ತಾನೆ, ನಗೆಪಾಟಲಾದವನು ಸಾಯುವ ತನಕ ಮರೆಯುವುದಿಲ್ಲ. ಅಕ್ಕನ ಮಧ್ಯಾಹ್ನಗಳು ಅವತ್ತೇ ನಿಂತವು. ಬೆಕ್ಕಿನ ಡಾಕ್ಟರನ್ನು ಕಾಡಿಬೇಡಿ ಸೂಜಿ ಹಾಕುವುದನ್ನು ಅವಳೇ ಕಲಿತಳು.

ಅಷ್ಟರಲ್ಲಿ ನನ್ನ ಎದುರಿಗೆ ಶೀಟಿನ ಒಂದು ಮೂಲೆ ತಗ್ಗತೊಡಗಿತ್ತು. ಅಕ್ಕ ಎಡಗೈ ಎತ್ತುತ್ತಿರಲಿಲ್ಲ. ಉಳುಕಿದೆ ಅಂದಳು. ಇನ್ನೊಂದು ಸಲ ಹತ್ತಿರ ಬಂದಾಗ ವಯಸ್ಸಾಯಿತು ಅಂದಳು. ಮೂರನೆಯ ಸಲ ಶೀಟು ಅಡ್ಡ ಹಿಡಿದು, ಅದರ ಮರೆಯಲ್ಲಿ, ನನ್ನ ಕೈ ತೆಗೆದುಕೊಂಡು ತನ್ನ ಕಂಕುಳ ಕೆಳಗೆ ಇಟ್ಟಳು. ಗಂಟು. ಕಲ್ಲಿನ ಹಾಗೆ ಗಟ್ಟಿ. ಎದೆಯಲ್ಲಿ ಇನ್ನೊಂದು ಇದೆಯಂತೆ. ಯಾವಾಗಿನಿಂದ ಎಂದು ಕೇಳಿದರೆ, ನಮ್ಮನೆಯವರು ನೀರು ಜಾಸ್ತಿ ಕುಡಿಯೋಕೆ ಶುರುಮಾಡಿದಾಗಿನಿಂದ ಅಂದಳು. ನನಗೆ ಮೈಯೆಲ್ಲ ಉರಿಯಿತು. ಬೆಕ್ಕಿನ ಬೆನ್ನುಮೂಳೆಯನ್ನು ದಿನಾ ತಡವಿ ನೋಡುವವಳು ತನ್ನ ಮೈಯನ್ನು ಕತ್ತಲೆಯಲ್ಲಿ ತೊಳೆದುಕೊಳ್ಳುತ್ತಿದ್ದಳಂತೆ, ಕೈಗೆ ಸಿಕ್ಕಿದ್ದು ಕಣ್ಣಿಗೆ ಕಾಣಬಾರದೆಂದು.

ಬೈದು, ಕೆಲಸ ಮುಗಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಟ್ಟಿ ನೋಡಿ, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕು, ಬೇಗ ಎಂದು ಚೀಟಿ ಬರೆದುಕೊಟ್ಟರು. ಅದಕ್ಕೆ ಹಗಲು ಹೋಗಬೇಕು, ಮತ್ತೆ ರಜೆ ಬೇಕು. ಅಕ್ಕ ಸೂಪರ್‌ವೈಸರ್ ಮುಂದೆ ನಿಂತಳು. ನಾನು ಶೀಟಿನ ಗಾಡಿ ಹಿಡಿದು ಬಾಗಿಲಲ್ಲೇ ಇದ್ದೆ.

"ಆಸ್ಪತ್ರೆಗೆ ಹೋಗ್ಬೇಕು ಸರ್."

"ಈ ಸಲ ಯಾರಿಗೆ? ಇಲಿಗಾ?"

ಚೀಟಿ ಅವಳ ಮುಷ್ಟಿಯಲ್ಲಿತ್ತು. ಕೈ ಚಾಚಿದ್ದರೆ ಸಾಕಿತ್ತು. ಅವಳು ಹಾಗೇ ತಿರುಗಿ ಬಂದು ಶೀಟಿನ ಮೂಲೆ ಹಿಡಿದಳು. ತೋರಿಸಬಾರದಿತ್ತಾ ಎಂದು ನಾನು ಹಲ್ಲು ಕಡಿದರೆ, ನನ್ನ ಎದೆ ವಿಷಯ ಅವನ ಮೇಜಿನ ಮೇಲೆ ಹರಡಲಾ ಎಂದಳು. ನಾವೆಲ್ಲ ನಕ್ಕಿದ್ದಕ್ಕೆ ಅವಳಿಗೆ ಶಿಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೇ ಹೋಗಿ ಹೇಳುತ್ತೇನೆ ಎಂದರೆ ಬೆಕ್ಕಿನ ಮೇಲೆ ಆಣೆ ಇಟ್ಟಳು. ಹಾಗೆ ಒಂದಿಡೀ ಮಳೆಗಾಲ ಕಳೆಯಿತು. ಸೂಪರ್‌ವೈಸರಿಗೆ ಪಂಥ, ಅಕ್ಕನಿಗೆ ಬಿಗುಮಾನ, ಗಂಟಿಗೆ ಇದ್ಯಾವುದರ ಹಂಗೂ ಇಲ್ಲ. ಅದರ ಪಾಡಿಗೆ ಅದು ಬೆಳೆಯಿತು. ಕೊನೆಗೆ ತೋಳು ಊದಿ ಶೀಟು ಹಿಡಿಯಲಾಗದ ದಿನ ಅವಳು ಯಾರನ್ನೂ ಕೇಳದೆ ನನ್ನ ಜೊತೆ ಹೊರಟಳು. ಪರೀಕ್ಷೆ ಮಾಡಿದ ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ರೇಗಿದರು. ಮನೆಯಲ್ಲಿ ಹುಷಾರಿರಲಿಲ್ಲ ಎಂದಳು ಅಕ್ಕ.

ಆಪರೇಷನ್‌ಗೆ ದಿನ ನಿಗದಿಯಾಯಿತು. ಆಗ ನರ್ಸ್ ಕೇಳಿದ್ದು, ನಿಮ್ಮ ಮನೆಯವರೆಲ್ಲಿ, ಸಹಿ ಬೇಕಲ್ಲ ಎಂದು. ನಾನು ಹಾಕುತ್ತೇನೆ ಎಂದೆ. ನೀವು ಏನಾಗಬೇಕು ಎಂದಳು. ಇವಳ ಜೊತೆ ಶೀಟು ಮಡಚುತ್ತೇನೆ ಎಂದೆ. ಅದು ಸಂಬಂಧವಲ್ಲವಂತೆ. ಇಷ್ಟು ವರ್ಷ ದಿನಕ್ಕೆ ಸಾವಿರ ಸಲ ಎದುರುಬದುರು ನಡೆದು ಬಂದವರು ಒಬ್ಬರಿಗೊಬ್ಬರು ಏನೂ ಅಲ್ಲ, ಬಿಟ್ಟು ಓಡಿದವನು ಮಾತ್ರ ಮನೆಯವನು!

ಅಕ್ಕನಿಗೆ ಹೇಳದೆ ಬೀಗದ ಅಂಗಡಿಗೆ ಹೋದೆ. ಅವನು ಕೀಲಿಗೆ ಅರ ಹಾಕುತ್ತಾ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ.

"ಅವಳಿಗೆ ಬೇರೆ ಯಾರೂ ಇಲ್ವಾ?"

"ಇದ್ದಾರೆ. ಅವರಿಗೆ ಸಹಿ ಹಾಕೋಕೆ ಬರಲ್ಲ."

ಅರ್ಥವಾಗಲಿಲ್ಲ ಅವನಿಗೆ. ಆಪರೇಷನ್ ದಿನ ಬೆಳಗ್ಗೆ ಬರುತ್ತೇನೆ ಎಂದ. ಬರಲಿ, ಸಹಿ ಹಾಕಿ ತೊಲಗಲಿ, ಅಕ್ಕನ ಕಣ್ಣಿಗೆ ಬೀಳದಿದ್ದರಾಯಿತು ಎಂದುಕೊಂಡೆ.

ಆಸ್ಪತ್ರೆಗೆ ಸೇರುವ ಮುಂಚಿನ ದಿನ ಅಕ್ಕ ಬೆಕ್ಕನ್ನು ನನ್ನ ಮನೆಗೆ ತಂದಳು. ಚರ್ಮ ಎತ್ತಿ ಸೂಜಿ ಎಲ್ಲಿ ಚುಚ್ಚಬೇಕೆಂದು ತೋರಿಸಿದಳು. ಆಪರೇಷನ್‌ಗೆ ಹೆದರಿಕೆಯಾ ಎಂದು ನಾನು ಕೇಳಿದೆ. ಹೆದರಿಕೆ ಎಂದು ನೇರವಾಗಿ ಒಪ್ಪಿಕೊಂಡಳು. ಒಂದೇ ಮಾತು ಕೇಳಿದಳು: "ನಾನು ಬರೋ ತನಕ ಇವರನ್ನ ಉಳಿಸ್ಕೋ. ಮನೇಲಿ ಕಾಯ್ತಿದ್ದಾರೆ ಅಂತ ಗೊತ್ತಿದ್ರೆ ನಾನು ಹೇಗಾದ್ರೂ ಎದ್ದು ಬರ್ತೀನಿ." ಆಗಲಿ ಎಂದೆ. ಬೇರೆ ಏನನ್ನಲಿ?

ಬೆಕ್ಕು ಆಪರೇಷನ್ ದಿನ ಬೆಳಗ್ಗೆ, ನಾನು ಸೂಜಿ ಹಿಡಿದು ಕೂತಿರುವಾಗಲೇ, ಮಡಿಲಲ್ಲಿ ಎರಡು ಸಲ ಕಾಲು ಚಾಚಿ ಸುಮ್ಮನಾಯಿತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ನನ್ನದಲ್ಲದ ಬೆಕ್ಕು, ಆದರೂ ಬಾಯಿಬಿಟ್ಟು ಅತ್ತೆ. ಹಳೆಯ ಟವೆಲಿನಲ್ಲಿ ಸುತ್ತಿಟ್ಟು ಆಸ್ಪತ್ರೆಗೆ ಓಡಿದೆ. ಅವಳಿಗೆ ಮೈ ಸ್ವಲ್ಪ ಗಟ್ಟಿಯಾಗುವ ತನಕ ಹೇಳಬಾರದು, ಕೇಳಿದರೆ ಮಲಗಿದ್ದಾರೆ ಅನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ.

ನಾನು ತಲುಪುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಗಂಡ ಬಂದಿದ್ದ. ರೋಗಿಯ ಕಡೆಯವರು ಕದಲಬಾರದು ಎಂದು ನರ್ಸ್ ಗದರಿಸಿದ್ದಕ್ಕೆ ಬೆಂಚಿನ ಮೇಲೆ ಕಾಲು ಚಾಚಿ ಕೂತು ಬನ್ನು ತಿನ್ನುತ್ತಿದ್ದ. ಡಾಕ್ಟರು ಏನಂದರು ಎಂದು ಕೇಳಿದೆ. "ಏನೋ ಹೇಳಿದ್ರು. ಹರಡಿದೆಯಂತೆ," ಎಂದು ತುಟಿಯ ಮೇಲಿನ ಚೂರು ಒರೆಸಿಕೊಂಡ. ಅವಳ ಜೀವದ ಸುದ್ದಿಯನ್ನು ಡಾಕ್ಟರು ನನಗೆ ಹೇಳಲಿಲ್ಲ, ಇವನಿಗೆ ಹೇಳಿದ್ದರು. ಇವನು ಅರ್ಧ ಕೇಳಿಸಿಕೊಂಡಿದ್ದ. ಆ ಬನ್ನನ್ನು ಅವನ ಗಂಟಲಿಗೆ ತುರುಕಬೇಕು ಅನ್ನಿಸಿತು.

ಅಕ್ಕನಿಗೆ ಎಚ್ಚರವಾಗುತ್ತಿದೆ ಎಂದರು. ನಾನು ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ ಮಂಚದ ಪಕ್ಕ ನಿಂತೆ. ಮುಖ ಇಷ್ಟೇ ಇಷ್ಟಾಗಿತ್ತು, ತುಟಿ ಒಣಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿದಳು.

"ನಮ್ಮನೆಯವರು ಹೇಗಿದ್ದಾರೆ?"

ಹೊಂದಿಸಿಕೊಂಡಿದ್ದ ಮಾತು ನನ್ನ ಬಾಯಿಗೆ ಬರುವ ಮುಂಚೆ, ಬಾಟಲಿ ಬದಲಿಸುತ್ತಿದ್ದ ನರ್ಸ್ ಉತ್ತರ ಕೊಟ್ಟಳು. "ಚೆನ್ನಾಗಿದ್ದಾರೆ ಅಮ್ಮ. ಬೆಳಗ್ಗೆಯಿಂದ ಕದಲಿಲ್ಲ, ನಿಮಗೋಸ್ಕರ ಕಾಯ್ತಾ ಇದ್ದಾರೆ."

ಅಕ್ಕನ ಮುಖ ಅರಳಿತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ನೋಡಿರಲಿಲ್ಲ. "ಏನಾದ್ರೂ ತಿಂದ್ರಾ?"

"ಈಗ ತಾನೇ ತಿಂದ್ರು. ಇರಿ, ಒಳಗೆ ಕಳಿಸ್ತೀನಿ."

ಒಳಗೆ ಬಿಡ್ತಾರಾ ಎಂದು ಅವಳು ನನ್ನನ್ನು ಪಿಸುದನಿಯಲ್ಲಿ ಕೇಳಿದಳು. ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ಬಾಗಿಲ ಕಡೆ, ಕೆಳಗೆ, ನೆಲದ ಹತ್ತಿರ ನೋಡುತ್ತಾ ಕಾದಳು. ಬಾಗಿಲು ತೆರೆಯಿತು. ಬೂಟು ಹಾಕಿದ ಎರಡು ಕಾಲು ಒಳಗೆ ಬಂದವು. ಅಕ್ಕ ಆ ಕಾಲುಗಳಿಂದ ಮೇಲೆ ಕಣ್ಣು ಎತ್ತಲೇ ಇಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದಳು, ನನ್ನ ಮುಖ ನೋಡಿದಳು, ಮತ್ತೆ ಏನನ್ನೂ ಕೇಳಲಿಲ್ಲ.