ಐದನೆಯ ಅಮಾವಾಸ್ಯೆಯ ಕಂಬಳಿ

ಮನೆಗೆಲಸದಲ್ಲೇ ದೇವರಿದ್ದಾನೆ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಒಬ್ಬರೂ ಹಾಸಿಗೆ ಹಿಡಿದವರ ಬಟ್ಟೆ ಒಗೆದಿರುವುದಿಲ್ಲ. ಹುನ್ನೂರಿನ ನಮ್ಮ ಪಕ್ಕದ ಮನೆಯ ಸಿದ್ದಕ್ಕ ಒಗೆಯುತ್ತಾಳೆ, ಆರು ವರ್ಷದಿಂದ, ದಿನಕ್ಕೆ ಮೂರು ಸಲ. ಅತ್ತೆ ಸೋಮವ್ವನಿಗೆ ಲಕ್ವ ಹೊಡೆದು ಮಾತು, ನಡಿಗೆ ಎರಡೂ ನಿಂತಿವೆ. ಗಂಡ ಅಮಸಿದ್ದಪ್ಪ ಕುರಿ ಹಿಂಡಿನೊಂದಿಗೆ ಬೀಳಗಿಯ ಹಿನ್ನೀರಿನ ಕಡೆ ಇರುತ್ತಾನೆ. ತಿಂಗಳಿಗೊಮ್ಮೆ ಬಂದು, ಹೇಗಿದ್ದೀ ಎಂದು ಅವ್ವನನ್ನು ಕೇಳಿ ಹೋಗುತ್ತಾನೆ. ಹೆಂಡತಿಯನ್ನೂ ಕೇಳಬಹುದೆಂದು ಅವನಿಗಿನ್ನೂ ಹೊಳೆದಿಲ್ಲ.

ಈ ವರ್ಷ ಸಿದ್ದಕ್ಕ ಬೀರಪ್ಪನಿಗೆ ಹರಕೆ ಹೊತ್ತಳು. ಐದು ಅಮಾವಾಸ್ಯೆ ಬಿಡದೆ ಉಪವಾಸವಿದ್ದು ಬರಿಗಾಲಲ್ಲಿ ಗುಡಿಗೆ ನಡೆಯಬೇಕು. ಐದನೆಯದಕ್ಕೆ ದೇವರ ಮುಂದೆ ಹೊಸ ಕಂಬಳಿ ಹಾಸಿ ಭಂಡಾರದ ಅರಿಶಿನ ಹಾರಿಸಬೇಕು. ಆ ಕಂಬಳಿಯನ್ನು ಅದಕ್ಕೂ ಮೊದಲು ಯಾರೂ ಹೊದ್ದಿರಬಾರದು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ನಾಲ್ಕು ಸಲ ಅತ್ತೆಯ ಹತ್ತಿರ ನಾನು ಕೂತೆ. ಏನು ಬೇಡಿಕೊಂಡಿದ್ದೀ ಎಂದರೆ ಮಾತ್ರ ಅವಳು ಬಾಯಿ ಬಿಡಲಿಲ್ಲ.

ಐದನೆಯ ಅಮಾವಾಸ್ಯೆಯ ಬೆಳಿಗ್ಗೆ, ಅವಳು ಮಿಂದು ಕಂಬಳಿಯ ಗಂಟು ಎತ್ತುವ ಹೊತ್ತಿಗೆ ಸೋಮವ್ವ ಚಳಿಜ್ವರದಿಂದ ನಡುಗತೊಡಗಿದಳು. ಮನೆಯಲ್ಲಿ ಹೊದೆಯಲಿದ್ದ ಎರಡೂ ಕೌದಿಗಳು ಆಗಷ್ಟೇ ಒಗೆದು ತಂತಿಯ ಮೇಲಿದ್ದವು. ನಮ್ಮ ಮನೆಯದು ತರುತ್ತೇನೆಂದು ನಾನು ಓಡಿದೆ. ತರುವಷ್ಟರಲ್ಲಿ ದೇವರ ಕಂಬಳಿ ಅತ್ತೆಯ ಮೈಮೇಲಿತ್ತು.

"ಒಂದೀಟ ತಡೀಬೇಕಿತ್ತಲ್ಲ ಬೇ," ಎಂದೆ.

"ಹಲ್ಲ ಕಡಿಯಾಕತ್ತಿದ್ಲು. ನೋಡಾಕ ಆಗಲಿಲ್ಲ," ಎಂದಳು. ಅಳಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತಳು. "ನಾಕ ಅಮಾಸಿ ನಡದಿದ್ದು ನೀರಾಗ ಹೋತು."

ಅಂಗಡಿಯಿಂದ ಜ್ವರದ ಗುಳಿಗೆ ತಂದು ನೋಡಿದರೆ ಸಿದ್ದಕ್ಕ ಅಲ್ಲೇ, ಅತ್ತೆಯ ಮಗ್ಗುಲಲ್ಲಿ, ಬರಿನೆಲದ ಮೇಲೆ ಮಲಗಿಬಿಟ್ಟಿದ್ದಳು. ಸೋಮವ್ವ ತನಗೆ ಆಡುವ ಒಂದೇ ಕೈಯಿಂದ ಕಂಬಳಿಯ ಅಂಚನ್ನು ಸೊಸೆಯ ಮೇಲೆ ಎಳೆಯುತ್ತಿದ್ದಳು. ಎಬ್ಬಿಸಲು ಹೋದೆ. ಮುದುಕಿ ಬೇಡವೆಂದು ಕೈಯಾಡಿಸಿದಳು. ಗುಳಿಗೆಯನ್ನು ನಾನೇ ನುಂಗಿಸಿ ಕಾದು ಕೂತೆ.

ಸಿದ್ದಕ್ಕ ಎದ್ದದ್ದು ಹೊತ್ತು ಮುಳುಗುವಾಗ. ಮೊದಲು ಅತ್ತೆಯ ಹಣೆ ಮುಟ್ಟಿ ನೋಡಿದಳು. ಜ್ವರ ಇಳಿದಿತ್ತು.

"ಈಗರ ಹೇಳು, ಏನ್ ಬೇಡ್ಕೊಂಡಿದ್ದಿ?"

ಅವಳು ಕಂಬಳಿಯ ಅಂಚನ್ನು ಅತ್ತೆಯ ಕಾಲಿನ ಮೇಲೆ ಸರಿಮಾಡಿದಳು.

"ಒಂದ ದಿನ ಕಣ್ಣತುಂಬ ನಿದ್ದಿ ಕೊಡಪಾ ಅಂತ."

ಅವಳು ಗುಡಿಗೆಂದು ಸೆರಗಿಗೆ ಕಟ್ಟಿಕೊಂಡಿದ್ದ ಭಂಡಾರ ಬಿಚ್ಚಿ ಅತ್ತೆಯ ಹಣೆಗೆ ಹಚ್ಚಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ತಂತಿಯ ಮೇಲಿನ ಕೌದಿ ತರಲು ಹೋದಳು.